ಓಟು ಕೇಳುವವನ ಕಥೆ, ಹಾಕುವವನ ಮೌನ

ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ ಸಂಕಲನದಲ್ಲಿ ‘ಐವಿ ಡೇ ಇನ್ ದ ಕಮಿಟಿ ರೂಮ್’ ಎಂಬ ಕಥೆಯಿದೆ. ಡಬ್ಲಿನ್ ನಗರಸಭೆಯ ಒಂದು ವಾರ್ಡಿನ ಚುನಾವಣೆ ನಡೆಯುತ್ತಿದೆ. ಹೊರಗೆ ಮಳೆ. ಓಕಾನರ್ ಎಂಬಾತನನ್ನು ಟಿಯರ್ನಿ ಎಂಬ ಅಭ್ಯರ್ಥಿಯ ಪರವಾಗಿ ಮನೆಮನೆ ತಿರುಗಿ ಓಟು ಕೇಳಲು ಕೂಲಿಗೆ ಗೊತ್ತುಮಾಡಿದ್ದಾರೆ. ಬೂಟಿನೊಳಗೆ ನೀರು ನುಗ್ಗುತ್ತದೆಂದು ಅವನು ದಿನದ ಬಹುಪಾಲು ಕಚೇರಿಯಲ್ಲಿ ಬೆಂಕಿ ಕಾಯಿಸುತ್ತ ಕೂತಿದ್ದಾನೆ. ಸಿಗರೇಟು ಹಚ್ಚಿಕೊಳ್ಳಲು ಬೆಂಕಿ ಬೇಕಾದಾಗ, ಮನೆಮನೆಗೆ ಹಂಚಬೇಕಾಗಿದ್ದ ಪ್ರಚಾರದ ಕಾರ್ಡನ್ನೇ ಹರಿದು, ಅದರ ಚೂರನ್ನು ಉರಿಗೆ ಹಿಡಿದು ಹಚ್ಚಿಕೊಳ್ಳುತ್ತಾನೆ.

ಐರ್ಲೆಂಡಿನ ಚುನಾವಣೆಯ ಬಗ್ಗೆ ಬರೆದ ಬಹುತೇಕರು ಈ ಕಥೆಯ ನೆರಳಿನಲ್ಲೇ ನಿಂತು ಬರೆದಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅಭ್ಯರ್ಥಿಯ ಮೇಲೆ ಯಾರಿಗೂ ನಂಬಿಕೆಯಿಲ್ಲ, ಕೂಲಿ ಬರುತ್ತದೋ ಇಲ್ಲವೋ ಎಂಬ ಆತಂಕ, ಕೊನೆಗೆ ಒಂದು ಡಜನ್ ಬಿಯರ್ ಬಾಟಲಿ ಬಂದರೆ ಎಲ್ಲರೂ ಸಮಾಧಾನ. ಅಂದು ಪಾರ್ನೆಲ್ ತೀರಿಕೊಂಡ ದಿನ. ಒಂದು ಕಾಲದಲ್ಲಿ ಇಡೀ ನಾಡನ್ನು ಎಬ್ಬಿಸಿದ ಆ ನಾಯಕನ ನೆನಪಿಗೆ ಹೈನ್ಸ್ ಎಂಬಾತ ತಾನೇ ಬರೆದ ಪದ್ಯ ಓದುತ್ತಾನೆ. ಪಾರ್ನೆಲ್‌ನ ವಿರೋಧಿ ಪಾಳಯದ ಕ್ರಾಫ್ಟನ್‌ನನ್ನು ಹೇಗಿದೆ ಎಂದು ಕೇಳಿದರೆ, ಬರವಣಿಗೆ ಚೆನ್ನಾಗಿದೆ ಎಂದು ಒಪ್ಪಿ ಸುಮ್ಮನಾಗುತ್ತಾನೆ. ರಾಜಕೀಯದ ಕಿಡಿ ಆರಿ, ಸಾಹಿತ್ಯದ ಮೆಚ್ಚುಗೆ ಮಾತ್ರ ಉಳಿಯಿತು. ಜಾಯ್ಸ್ ಇದನ್ನು ಕಟಕಿಯಾಗಿಯೇ ಬರೆದಿದ್ದಾನೆ.

ಆದರೆ ಈ ಕಥೆಯನ್ನು ಮತ್ತೆ ಮತ್ತೆ ಓದಿದಾಗ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಓಟು ಕೇಳುವವರು, ಅವರ ಗೆಳೆಯರು, ಕಾವಲಿನ ಮುದುಕ, ಒಬ್ಬ ಪಾದ್ರಿ, ಬಾಟಲಿ ತರುವ ಹುಡುಗ, ಎಲ್ಲರೂ ಆ ಕೋಣೆಗೆ ಬಂದು ಹೋಗುತ್ತಾರೆ. ಓಟು ಹಾಕುವವನಾಗಿ ಮಾತ್ರ ಒಬ್ಬನೂ ಬರುವುದಿಲ್ಲ. ಹೆಂಚಿ ಎಂಬ ಪ್ರಚಾರಕ ತಾನು ಡಾಸನ್ ಬೀದಿಯ ಒಬ್ಬ ಹಳೆಯ ಕನ್ಸರ್ವೇಟಿವ್ ಮತದಾರನನ್ನು ಹೇಗೆ ಒಲಿಸಿದೆ ಎಂದು ಹೇಳಿಕೊಳ್ಳುತ್ತಾನೆ. ನಿಮ್ಮವನು ರಾಷ್ಟ್ರೀಯವಾದಿಯಲ್ಲವೇ ಎಂದು ಆ ಮತದಾರ ಕೇಳಿದನಂತೆ. ಅವನು ಯಾವ ಪಕ್ಷದವನೂ ಅಲ್ಲ, ಆಸ್ತಿಯುಳ್ಳ ಮರ್ಯಾದಸ್ಥ, ತೆರಿಗೆ ಏರದಂತೆ ನೋಡಿಕೊಳ್ಳುವುದು ಅವನಿಗೇ ಲಾಭ ಎಂದು ಹೆಂಚಿ ಮೊಳಕೈಗೆ ಬೆಲ್ಲ ಹಚ್ಚಿದನಂತೆ. ಆ ಮತದಾರ ಒಳಗೊಳಗೆ ಏನು ಲೆಕ್ಕ ಹಾಕಿದ? ಹೆಂಚಿಯ ಮಾತು ನಂಬಿ ಹೂಂ ಅಂದನೋ, ಬಾಗಿಲು ಮುಚ್ಚಿಕೊಳ್ಳಲು ಹೂಂ ಅಂದನೋ? ಕಥೆ ಹೇಳುವುದಿಲ್ಲ. ಮತದಾರನ ಬಗ್ಗೆ ನಮಗಿರುವ ಒಂದೇ ಸಾಕ್ಷಿ ಓಟು ಕೇಳಿದವನ ಬಡಾಯಿ.

ಜಾಯ್ಸ್‌ನ ಡಬ್ಲಿನ್ ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಸ್ವಾತಂತ್ರ್ಯ ಬಂದ ನಂತರದ ಚಿತ್ರ ಬೇಕೆಂದರೆ ಕೆರ್ರಿ ಜಿಲ್ಲೆಯ ನಾಟಕಕಾರ ಜಾನ್ ಬಿ. ಕೀನ್ 1967ರಲ್ಲಿ ಪ್ರಕಟಿಸಿದ ‘ಲೆಟರ್ಸ್ ಆಫ್ ಎ ಸಕ್ಸೆಸ್‌ಫುಲ್ ಟಿ.ಡಿ.’ ಇದೆ. ಐರ್ಲೆಂಡಿನ ಕೆಳಮನೆಗೆ ಡಾಯ್ಲ್ ಎಂದು ಹೆಸರು; ಅದರ ಸದಸ್ಯ ಟಿ.ಡಿ. ಕೀನ್‌ನ ಪುಸ್ತಕದಲ್ಲಿ ಟಲ್ ಮೆಕಡೂ ಎಂಬ ಹಳ್ಳಿಗಾಡಿನ ಟಿ.ಡಿ. ಮಗನಿಗೆ ಪತ್ರ ಬರೆಯುತ್ತಾನೆ. ಓದುತ್ತ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಅರ್ಧಂಬರ್ಧ ಓದಿದವನು, ಆದರೆ ಯಾರ ಮನೆಯ ಕಷ್ಟ ಏನು, ಯಾರಿಗೆ ಯಾವ ಉಪಕಾರ ಮಾಡಿದರೆ ಎಷ್ಟು ಓಟು ಎಂಬುದರಲ್ಲಿ ಪಂಡಿತ. ಕೀನ್ ಲಿಸ್ಟೋವೆಲ್ ಪಟ್ಟಣದಲ್ಲಿ ಪಬ್ ನಡೆಸುತ್ತಿದ್ದವನು. ರಾಜಕಾರಣಿ ಗಲ್ಲಾದ ಈಚೆ ಹೇಗೆ ಮಾತಾಡುತ್ತಾನೆ, ಆಚೆ ಹೇಗೆ ಮಾತಾಡುತ್ತಾನೆ ಎಂಬುದನ್ನು ದಿನವೂ ಕೇಳಿಸಿಕೊಂಡವನು. ಹಾಗಿದ್ದೂ ಅವನ ಪುಸ್ತಕದಲ್ಲೂ ಪೆನ್ನು ರಾಜಕಾರಣಿಯ ಕೈಯಲ್ಲೇ ಇದೆ. ಮತದಾರ ಉಪಕಾರ ಪಡೆಯುವ ಕೈಯಾಗಿ ಮಾತ್ರ ಕಾಣುತ್ತಾನೆ.

ಸಾಹಿತಿಗಳು ಹೀಗೆಂದರೆ, ವಿದ್ವಾಂಸರು ಬೇರೆ ದಾರಿಯಿಂದ ಹೊರಟು ಅಲ್ಲಿಗೇ ಬಂದರು. ಬೇಸಿಲ್ ಚಬ್ 1963ರಲ್ಲಿ ಒಂದು ಲೇಖನ ಬರೆದರು. ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ‘ಸರ್ಕಾರಿ ನೌಕರರನ್ನು ಕಾಡುತ್ತ ತಿರುಗುವುದು’ ಎನ್ನಬಹುದು. ಟಿ.ಡಿ.ಯ ನಿಜವಾದ ಕೆಲಸ ಕಾನೂನು ಮಾಡುವುದಲ್ಲ, ಜನ ಮತ್ತು ಕಚೇರಿಗಳ ನಡುವೆ ಓಡಾಡುವುದು ಎಂಬುದು ಅದರ ಸಾರ. ಪಿಂಚಣಿ ತಡವಾಗಿದೆ, ಉಚಿತ ವೈದ್ಯಸೇವೆಯ ಮೆಡಿಕಲ್ ಕಾರ್ಡ್ ಬಂದಿಲ್ಲ, ಮನೆ ಕಟ್ಟಲು ಪರವಾನಗಿ ಸಿಕ್ಕಿಲ್ಲ, ರಸ್ತೆಯಲ್ಲಿ ಗುಂಡಿ. ಇಂಥ ಅಹವಾಲು ಕೇಳಲು ಟಿ.ಡಿ.ಗಳು ವಾರವಾರ ಊರಲ್ಲಿ ಕೂರುತ್ತಾರೆ. ಅದಕ್ಕೆ ಅಲ್ಲಿನವರು ಕ್ಲಿನಿಕ್ ಎನ್ನುತ್ತಾರೆ. ಅಲ್ಲಿ ಸಿಗುವುದು ಬಹುಪಾಲು ಕಾನೂನಿನಂತೆ ಜನರಿಗೆ ಸಲ್ಲಬೇಕಾದದ್ದೇ. ಟಿ.ಡಿ. ಒಂದು ಪತ್ರ ಬರೆದು ಅದನ್ನು ತಾನು ಕೊಡಿಸಿದಂತೆ ಕಾಣಿಸುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ; ಇಲ್ಲಿ ಪೂಜಾರಿ ಕೊಡಿಸುತ್ತಾನೆ, ಆಮೇಲೆ ತಟ್ಟೆಗೆ ಓಟು ಹಾಕಿಸಿಕೊಳ್ಳುತ್ತಾನೆ.

1974ರಲ್ಲಿ ಜಾನ್ ವೈಟ್ ಇನ್ನೊಂದು ಮಾತು ಸೇರಿಸಿದರು. ಯುರೋಪಿನ ಉಳಿದ ದೇಶಗಳಲ್ಲಿ ಕಾರ್ಮಿಕ ಒಂದು ಪಕ್ಷಕ್ಕೆ, ಜಮೀನ್ದಾರ ಇನ್ನೊಂದಕ್ಕೆ, ಚರ್ಚಿಗೆ ಹೋಗುವವನು ಮತ್ತೊಂದಕ್ಕೆ ಎಂದು ಹೇಳಬಹುದಾಗಿತ್ತು. ಐರ್ಲೆಂಡಿನಲ್ಲಿ ಹಾಗೆ ಹೇಳಲು ಬರುತ್ತಿರಲಿಲ್ಲ. ಅದನ್ನು ವೈಟ್ ‘ಸಾಮಾಜಿಕ ತಳಹದಿಯಿಲ್ಲದ ರಾಜಕಾರಣ’ ಎಂದು ಕರೆದರು. ಎರಡು ದೊಡ್ಡ ಪಕ್ಷಗಳಾದ ಫಿಯನಾ ಫಾಯ್ಲ್ ಮತ್ತು ಫಿನ ಗೇಲ್ ಹುಟ್ಟಿದ್ದು 1922–23ರ ಅಂತರ್ಯುದ್ಧದ ಎರಡು ಬಣಗಳಿಂದ. ಬ್ರಿಟನ್ನಿನೊಂದಿಗಿನ ಒಪ್ಪಂದವನ್ನು ಅಜ್ಜ ಒಪ್ಪಿದ್ದನೋ ಇಲ್ಲವೋ ಎಂಬುದರ ಮೇಲೆ ಮೊಮ್ಮಗನ ಓಟು ನಿಂತಿತ್ತು. ಹೀಗೆ ಐರಿಷ್ ಮತದಾರನ ಒಂದು ಸಿದ್ಧ ಚಿತ್ರ ತಯಾರಾಯಿತು: ಅರ್ಧ ಅಜ್ಜನ ಋಣ, ಅರ್ಧ ಗುಂಡಿ ಮುಚ್ಚಿಸಿದವನ ಋಣ, ಸ್ವಂತ ವಿಚಾರ ಶೂನ್ಯ.

ಈ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಇದು ಓಟು ಕೇಳುವವನ ಕಡೆಯಿಂದ ತೆಗೆದ ಚಿತ್ರ, ಮತ್ತು ಅದೇ ಅದರ ದೋಷ. ಮತದಾರನ ಕಡೆಯಿಂದ ನೋಡಬೇಕೆಂದರೆ ಅವನ ಕೈಯಲ್ಲಿರುವ ಕಾಗದವನ್ನು ಓದಬೇಕು. ಆ ಕಾಗದ ನಮ್ಮ ವಿಧಾನಸಭೆಯ ಮತಪತ್ರದಂಥದ್ದಲ್ಲ.

ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರಕ್ಕೆ ಓಟು ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಒಬ್ಬರಿಗೆ ಗುರುತು ಹಾಕಿ ಬರುವುದಿಲ್ಲ. 1, 2, 3 ಎಂದು ಪ್ರಾಶಸ್ತ್ಯದ ಕ್ರಮದಲ್ಲಿ ಅಂಕಿ ಬರೆಯುತ್ತೇವೆ. ಐರ್ಲೆಂಡಿನಲ್ಲಿ ಸಾರ್ವತ್ರಿಕ ಚುನಾವಣೆಯೇ ಹೀಗೆ. ಒಂದು ವ್ಯತ್ಯಾಸವಿದೆ, ಅಲ್ಲಿ ಪ್ರತಿ ಕ್ಷೇತ್ರದಿಂದ ಮೂರು, ನಾಲ್ಕು ಅಥವಾ ಐದು ಜನ ಆಯ್ಕೆಯಾಗುತ್ತಾರೆ. ನಾಲ್ಕು ಸ್ಥಾನದ ಕ್ಷೇತ್ರವಾದರೆ ಗೆಲ್ಲಲು ಸಿಂಧು ಮತಗಳ ಐದನೇ ಒಂದು ಪಾಲಿಗಿಂತ ಒಂದು ಓಟು ಹೆಚ್ಚು ಬೇಕು. ಅದನ್ನು ದಾಟಿದವನ ಹೆಚ್ಚುವರಿ ಓಟು ಮುಂದಿನ ಪ್ರಾಶಸ್ತ್ಯದವನಿಗೆ ಹರಿಯುತ್ತದೆ. ಯಾರೂ ದಾಟದಿದ್ದರೆ ಕೊನೆಯಲ್ಲಿರುವವನನ್ನು ಕೈಬಿಟ್ಟು ಅವನ ಓಟುಗಳನ್ನು ಹಂಚುತ್ತಾರೆ. ಸ್ಥಾನಗಳು ತುಂಬುವ ತನಕ ಎಣಿಕೆ ಸುತ್ತಿನ ಮೇಲೆ ಸುತ್ತು ನಡೆಯುತ್ತದೆ, ಕೆಲವೊಮ್ಮೆ ದಿನಗಟ್ಟಲೆ.

ಇದು ಎಣಿಕೆಯ ತಾಂತ್ರಿಕ ವಿವರದಂತೆ ಕಾಣಬಹುದು. ಆದರೆ ಈ ಕಾಗದ ಮತದಾರನಿಗೆ ಕೇಳುವ ಪ್ರಶ್ನೆಯೇ ಬೇರೆ. ನಮ್ಮ ಮತಯಂತ್ರ ಕೇಳುವುದು ‘ಯಾರು?’ ಎಂದು. ಅಲ್ಲಿನ ಕಾಗದ ಕೇಳುವುದು ‘ಯಾರ ನಂತರ ಯಾರು?’ ಎಂದು. ಮೊದಲ ಪ್ರಶ್ನೆಗೆ ಉತ್ತರಿಸುವವನು ಅಜ್ಜನ ಋಣ, ಊರಿನ ಋಣ, ಸ್ವಂತ ಸಿಟ್ಟು ಇವುಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಬಿಡಬೇಕು. ಎರಡನೆಯ ಪ್ರಶ್ನೆಗೆ ಉತ್ತರಿಸುವವನು ಎಲ್ಲವನ್ನೂ ಒಂದೇ ಕಾಗದದಲ್ಲಿ ಇಟ್ಟು, ಯಾವುದಕ್ಕೆ ಎಷ್ಟು ತೂಕ ಎಂದು ಹೇಳಬಹುದು. 1 ಮನೆತನದ ಪಕ್ಷಕ್ಕೆ, 2 ಪಕ್ಕದ ಊರಿನವನಿಗೆ, ಅವನು ಎದುರು ಪಕ್ಷದವನಾದರೂ ಸರಿ. 3 ಆಸ್ಪತ್ರೆಯ ವಿಷಯದಲ್ಲಿ ಗಟ್ಟಿಯಾಗಿ ಮಾತಾಡಿದ ಹೊಸಬಳಿಗೆ. ಕೆಲವರಿಗೆ ಅಂಕಿಯೇ ಇಲ್ಲ, ಅದೂ ಒಂದು ಅಭಿಪ್ರಾಯ. ಒಂದೇ ಪಕ್ಷದ ಇಬ್ಬರು ಮೂವರು ಕಣದಲ್ಲಿರುವುದು ಸಾಮಾನ್ಯವಾದ್ದರಿಂದ, ಪಕ್ಷವನ್ನು ಉಳಿಸಿಕೊಂಡೇ ಒಬ್ಬ ಹಾಲಿ ಸದಸ್ಯನನ್ನು ಮನೆಗೆ ಕಳಿಸಲೂಬಹುದು.

ಈ ಕಾಗದದ ಇತಿಹಾಸವೂ ಕುತೂಹಲದ್ದು. 1965ರ ಸಾರ್ವತ್ರಿಕ ಚುನಾವಣೆಯ ತನಕ ಅದರ ಮೇಲೆ ಪಕ್ಷದ ಹೆಸರೇ ಇರಲಿಲ್ಲ. ದೇಶ ಹುಟ್ಟಿದ ಮೇಲೆ ನಾಲ್ಕು ದಶಕ, ಅಭ್ಯರ್ಥಿ ಯಾವ ಪಕ್ಷದವನು ಎಂಬುದನ್ನು ಮತದಾರ ಹೊರಗಿನಿಂದಲೇ ತಿಳಿದು ಬರಬೇಕಿತ್ತು. ಮನುಷ್ಯನನ್ನು ನೋಡಿ ಓಟು ಹಾಕುತ್ತಾರೆ ಎಂದು ಮತದಾರರನ್ನು ಹಳಿಯುವವರು, ಮನುಷ್ಯನ ಹೆಸರು ಮಾತ್ರ ಬರೆದ ಕಾಗದವನ್ನು ಅವರ ಕೈಗೆ ಕೊಟ್ಟವರು ಯಾರು ಎಂದೂ ಕೇಳಬೇಕು. 2008ರಲ್ಲಿ ಮೈಕೆಲ್ ಮಾರ್ಷ್ ಮತ್ತು ಸಂಗಡಿಗರು ಪ್ರಕಟಿಸಿದ ‘ದ ಐರಿಷ್ ವೋಟರ್’ ನಾನು ಓದಿದವುಗಳಲ್ಲಿ ಮತದಾರನನ್ನೇ ನೇರವಾಗಿ ಕೇಳಿ ಬರೆದ ಅಪರೂಪದ ಪುಸ್ತಕ. ಈ ಅಭ್ಯರ್ಥಿ ಬೇರೆ ಪಕ್ಷದಿಂದ ನಿಂತಿದ್ದರೂ ಓಟು ಹಾಕುತ್ತಿದ್ದಿರಾ ಎಂದು ಕೇಳಿದರೆ ಗಣನೀಯ ಪಾಲು ಜನ ಹೌದು ಎಂದರು. ಹಾಗಲ್ಲ ಎಂದವರೂ ಸಾಕಷ್ಟಿದ್ದರು. ‘ಐರಿಷ್ ಮತದಾರ’ ಎಂಬ ಒಬ್ಬನೇ ಮನುಷ್ಯ ಇಲ್ಲ ಎಂಬುದು ನಾನು ಆ ಪುಸ್ತಕದಿಂದ ಕಲಿತ ಮುಖ್ಯ ಪಾಠ.

ಈ ಪದ್ಧತಿಯನ್ನು ಕಿತ್ತುಹಾಕಿ ಬ್ರಿಟನ್ನಿನಂತೆ ಒಂದು ಕ್ಷೇತ್ರಕ್ಕೆ ಒಬ್ಬನೇ ಸದಸ್ಯ ಎಂಬ ಪದ್ಧತಿ ತರಲು ಫಿಯನಾ ಫಾಯ್ಲ್ ಎರಡು ಬಾರಿ ಜನಮತಗಣನೆ ನಡೆಸಿತು. 1959ರಲ್ಲಿ ಶೇಕಡಾ 51.8 ಜನ ಬೇಡ ಎಂದರು. ಆ ಪಕ್ಷವನ್ನು ಕಟ್ಟಿದ ಡಿ ವಲೆರಾ ಅದೇ ದಿನ ರಾಷ್ಟ್ರಾಧ್ಯಕ್ಷರಾಗಿ ಗೆದ್ದರು. ಜನ ನಾಯಕನನ್ನು ಆರಿಸಿ ಅವರ ಪ್ರಸ್ತಾವವನ್ನು ತಿರಸ್ಕರಿಸಿದರು. 1968ರಲ್ಲಿ ಮತ್ತೆ ಕೇಳಿದಾಗ ಬೇಡ ಎಂದವರು ಶೇಕಡಾ 60ನ್ನು ದಾಟಿದರು. ಋಣಕ್ಕೆ ಬಿದ್ದು ಕಣ್ಣು ಮುಚ್ಚಿ ಓಟು ಒತ್ತುವವರು ಮಾಡುವ ಕೆಲಸ ಇದಲ್ಲ. ತಮ್ಮ ಕೈಯಲ್ಲಿರುವ ಉಪಕರಣದ ಬೆಲೆ ಗೊತ್ತಿದ್ದವರು ಮಾಡುವ ಕೆಲಸ.

ಆ ಕಾಗದವನ್ನು ನಿಜವಾಗಿ ಓದುವವರು ಅಲ್ಲಿ ಒಬ್ಬರಿದ್ದಾರೆ. ಟ್ಯಾಲಿಮನ್ ಎನ್ನುತ್ತಾರೆ. ಎಣಿಕೆಯ ಬೆಳಿಗ್ಗೆ ಪೆಟ್ಟಿಗೆ ತೆರೆದು ಸಿಬ್ಬಂದಿ ಒಂದೊಂದೇ ಕಾಗದ ಬಿಡಿಸುವಾಗ, ತಡೆಗಟ್ಟಿನ ಈಚೆಯಿಂದ ಬಗ್ಗಿ, ಯಾವ ಪೆಟ್ಟಿಗೆಯಲ್ಲಿ ಯಾರಿಗೆ ಎಷ್ಟು ಎಂದು ಗೀಟು ಹಾಕಿಕೊಳ್ಳುವ ಪಕ್ಷದ ಕಾರ್ಯಕರ್ತರು ಇವರು. ಒಂದು ಪೆಟ್ಟಿಗೆ ಎಂದರೆ ಒಂದು ಶಾಲೆ, ಒಂದೆರಡು ಹಳ್ಳಿ. ಅಧಿಕೃತ ಎಣಿಕೆ ಮುಗಿಯುವ ಮೊದಲೇ ಯಾವ ಊರು ಯಾರ ಕೈಬಿಟ್ಟಿತು, ಯಾರ ಓಟು ಯಾರ ಕಡೆ ಹರಿಯಿತು ಎಂದು ಇವರು ಹೇಳಬಲ್ಲರು. ಬೇರೆ ಬೇರೆ ಪಕ್ಷದವರು ಲೆಕ್ಕ ಹಂಚಿಕೊಳ್ಳುವುದೂ ಉಂಟು. ವಿಮರ್ಶಕರಾದ ನಮಗೆ ಇವರಿಂದ ಕಲಿಯುವುದಿದೆ. ಮೊದಲ ಸಾಲು ಓದಿ ತೀರ್ಪು ಕೊಡದೆ, ಕೊನೆಯ ತನಕ ಓದುವುದು ಇವರ ಅಭ್ಯಾಸ.

ಕೊನೆಯ ತನಕ ಓದಿದರೆ ಏನು ಕಾಣುತ್ತದೆ ಎಂಬುದಕ್ಕೆ 2011ರ ಚುನಾವಣೆ ಉದಾಹರಣೆ. ಬ್ಯಾಂಕುಗಳು ಕುಸಿದು, ಹಿಂದಿನ ನವೆಂಬರಿನಲ್ಲಷ್ಟೇ ದೇಶ ಐಎಂಎಫ್ ಮತ್ತು ಯುರೋಪಿನ ಮುಂದೆ 85 ಶತಕೋಟಿ ಯೂರೋ ನೆರವಿಗೆ ಕೈಚಾಚಿತ್ತು. 1932ರಿಂದ ಪ್ರತಿ ಚುನಾವಣೆಯಲ್ಲೂ ಅತಿ ದೊಡ್ಡ ಪಕ್ಷವಾಗಿದ್ದ ಫಿಯನಾ ಫಾಯ್ಲ್, 2007ರಲ್ಲಿ 70ಕ್ಕೂ ಹೆಚ್ಚು ಸ್ಥಾನ ಗೆದ್ದಿದ್ದದ್ದು, 20ಕ್ಕೆ ಇಳಿಯಿತು. ಅದಕ್ಕೆ ಬಂದ ಮೊದಲ ಪ್ರಾಶಸ್ತ್ಯದ ಓಟು ಶೇಕಡಾ 17.4. ಲೇಬರ್ ಪಕ್ಷಕ್ಕೆ ಬಂದದ್ದು ಶೇಕಡಾ 19.4, ಸ್ಥಾನ ಮಾತ್ರ 37. ಎರಡು ಅಂಶದ ಅಂತರಕ್ಕೆ ಸ್ಥಾನಗಳಲ್ಲಿ ಸುಮಾರು ಎರಡು ಪಟ್ಟು. ಕಾರಣದ ದೊಡ್ಡ ಭಾಗ ಕೆಳಗಿನ ಅಂಕಿಗಳಲ್ಲಿತ್ತು. ಉಳಿದ ಪಕ್ಷಗಳ ಮತದಾರರು 3, 4, 5 ಬರೆಯುವಾಗಲೂ ಫಿಯನಾ ಫಾಯ್ಲ್ ಹೆಸರನ್ನು ಬಿಟ್ಟು ಮುಂದೆ ಹೋದರು. ಡಬ್ಲಿನ್ನಿನಲ್ಲಿ ಅದಕ್ಕೆ ಉಳಿದದ್ದು ಒಂದೇ ಸ್ಥಾನ. ಗುಂಡಿ ಮುಚ್ಚಿಸಿದ ಋಣ ಅಂದು ಬಹಳ ಟಿ.ಡಿ.ಗಳನ್ನು ಕಾಯಲಿಲ್ಲ.

ಇನ್ನೊಂದು ಉದಾಹರಣೆ ಕೀನ್‌ನ ಊರಿರುವ ಕೆರ್ರಿಯದ್ದೇ. ಜಾಕಿ ಹೀಲಿ-ರೇ 1997ರಲ್ಲಿ ಪಕ್ಷೇತರರಾಗಿ ಗೆದ್ದರು. 2011ರಲ್ಲಿ ಮಗ ಮೈಕೆಲ್, 2016ರಲ್ಲಿ ಇನ್ನೊಬ್ಬ ಮಗ ಡ್ಯಾನಿ. ಊರಿನ ರಸ್ತೆ, ಊರಿನ ಪಬ್, ಊರಿನ ಸಾವಿನ ಮನೆ, ಎಲ್ಲೆಡೆಯೂ ಇರುವವರು ಎಂದು ಈ ಮನೆತನದ ಖ್ಯಾತಿ. ಡಬ್ಲಿನ್ನಿನ ಪತ್ರಿಕೆಗಳಿಗೆ ಇವರು ಟಲ್ ಮೆಕಡೂನ ಮರಿಮಕ್ಕಳಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. 2018ರ ಮೇ ತಿಂಗಳಲ್ಲಿ ಗರ್ಭಪಾತದ ನಿಷೇಧವನ್ನು ಸಂವಿಧಾನದಿಂದ ತೆಗೆಯುವ ಜನಮತಗಣನೆ ನಡೆಯಿತು. ಡ್ಯಾನಿ ಹೀಲಿ-ರೇ ಬಹಿರಂಗವಾಗಿ ವಿರೋಧಿಸಿದರು. ಕೆರ್ರಿ ಕ್ಷೇತ್ರದ ಬಹುಮತ ತೆಗೆಯಿರಿ ಎಂದಿತು. ಮುಂದೆ 2020ರಲ್ಲಿ, 2024ರಲ್ಲಿ ಅದೇ ಕ್ಷೇತ್ರ ಇಬ್ಬರು ಸಹೋದರರನ್ನೂ ಮತ್ತೆ ಗೆಲ್ಲಿಸಿತು. ಇವರೆಲ್ಲ ಅದೇ ಮತದಾರರಲ್ಲ, ನಿಜ. ಆದರೆ ಇವರ ನಡುವೆ ಎರಡೂ ಕಡೆ ನಿಂತವರು ಇಲ್ಲದೆ ಈ ಲೆಕ್ಕ ಕೂಡುವುದು ಕಷ್ಟ. ರಸ್ತೆಗೆ ನೀನು, ನನ್ನ ಆತ್ಮಸಾಕ್ಷಿಗೆ ನಾನೇ ಎಂದು ಗೆರೆ ಎಳೆದವರು ಅವರು.

ಈ ಗೆರೆ ಎಳೆಯಲು ಅಲ್ಲಿನ ಸಂವಿಧಾನವೇ ಅನುವು ಮಾಡಿಕೊಟ್ಟಿದೆ. ಜನಮತಗಣನೆಯಿಲ್ಲದೆ ಅದರ ಒಂದು ಪದವನ್ನೂ ತಿದ್ದಲಾಗದು. ವಿಚ್ಛೇದನ (1986ರಲ್ಲಿ ಸೋತು 1995ರಲ್ಲಿ ಕೂದಲೆಳೆಯಲ್ಲಿ ಗೆದ್ದದ್ದು), 2015ರ ಸಲಿಂಗ ವಿವಾಹ, 2018ರ ಗರ್ಭಪಾತ, ಹೀಗೆ ಸಮಾಜವನ್ನು ಸೀಳುವ ಪ್ರಶ್ನೆಗಳು ನೇರವಾಗಿ ಜನರ ಮುಂದೆ ಬಂದಿವೆ. ಆ ಭಾರ ಬೇರೆಡೆ ಇಳಿದ ಮೇಲೆ ಸಾರ್ವತ್ರಿಕ ಚುನಾವಣೆಯಲ್ಲಿ ‘ನಮ್ಮ ಕಡೆಯವರು ಅಲ್ಲಿ ಇರಬೇಕು’ ಎಂದು ಯೋಚಿಸುವುದು ದಡ್ಡತನವಲ್ಲ, ಕೆಲಸ ಹಂಚಿಕೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಮತದಾರನ ಹೊಗಳಿಕೆಯಾಗುತ್ತದೆ. ಅದು ನನ್ನ ಉದ್ದೇಶವಲ್ಲ. ಈ ಕೆಲಸ ಹಂಚಿಕೆಯಲ್ಲಿ ಯಾರ ಪಾಲಿಗೂ ಬಾರದೆ ಉಳಿದ ಕೆಲಸವೊಂದಿತ್ತು: ಬ್ಯಾಂಕು, ತೆರಿಗೆ, ಸಾಲ, ಕಟ್ಟಡದ ಪರವಾನಗಿ ಇವುಗಳನ್ನು ದೇಶದ ಮಟ್ಟದಲ್ಲಿ ಕಾಯುವುದು. 1977ರಲ್ಲಿ ಮನೆ ತೆರಿಗೆ ರದ್ದು, ಕಾರಿನ ತೆರಿಗೆ ರದ್ದು ಎಂದು ಭರವಸೆ ಕೊಟ್ಟ ಫಿಯನಾ ಫಾಯ್ಲ್ 148ರಲ್ಲಿ 84 ಸ್ಥಾನ ಗೆದ್ದಿತು. ಖಜಾನೆಯಲ್ಲಿ ಬಿದ್ದ ಆ ತೂತನ್ನು ಸಾಲದಿಂದ ಮುಚ್ಚುವ ವರ್ಷಗಳು ಮುಂದೆ ಬಂದವು. ಊರಿನ ಟಿ.ಡಿ. ಊರಿನ ಅರ್ಜಿಗಳನ್ನು ನೋಡಿಕೊಂಡ; ಬ್ಯಾಂಕು ಯಾರಿಗೆ ಎಷ್ಟು ಸಾಲ ಕೊಡುತ್ತಿದೆ ಎಂದು ಡಾಯ್ಲ್‌ನಲ್ಲಿ ಕೂತು ಕೇಳಿದರೆ ಅವನಿಗೆ ಒಂದು ಓಟೂ ಹೆಚ್ಚು ಬರುತ್ತಿರಲಿಲ್ಲ.

ಅದರ ಫಲ ಏನಾಯಿತು ಎಂಬುದಕ್ಕೆ ಡೋನಲ್ ರಯನ್ ಅವರ ‘ದ ಸ್ಪಿನ್ನಿಂಗ್ ಹಾರ್ಟ್’ (2012) ಓದಬೇಕು. ಹಳ್ಳಿಯೊಂದರ 21 ಜನ, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ, ತಮ್ಮ ಬಾಯಿಂದಲೇ ಮಾತಾಡುತ್ತಾರೆ. ಪೋಕಿ ಬರ್ಕ್ ಎಂಬ ಕಟ್ಟಡ ಗುತ್ತಿಗೆದಾರ ಎಲ್ಲ ಮುಳುಗಿಸಿ ಪರಾರಿಯಾಗಿದ್ದಾನೆ. ಸರ್ಕಾರಕ್ಕೆ ಕಟ್ಟಬೇಕಾದ ವಿಮೆಯ ಪಾಲನ್ನು ಅವನು ಕಟ್ಟೇ ಇಲ್ಲ, ಹಾಗಾಗಿ ನಿರುದ್ಯೋಗ ಭತ್ಯೆಯೂ ತಮಗಿಲ್ಲ ಎಂದು ಕೆಲಸಗಾರರಿಗೆ ತಿಳಿಯುತ್ತದೆ. ಅರ್ಧಕ್ಕೆ ನಿಂತ ಬಡಾವಣೆಯ ಖಾಲಿ ಮನೆಗಳ ನಡುವೆ ರಿಯಾಲ್ಟಿನ್ ಎಂಬ ತರುಣಿ ಮಗುವನ್ನು ಕಟ್ಟಿಕೊಂಡು ವಾಸಿಸುತ್ತಾಳೆ. ಯಾರಿಗೆ ಓಟು ಎಂಬುದು ಈ ಕಾದಂಬರಿಯ ವಿಷಯವಲ್ಲ. ಆದರೂ ಐರಿಷ್ ಮತದಾರನ ಬಗ್ಗೆ ನನಗೆ ಅತಿ ಹೆಚ್ಚು ತಿಳಿಸಿದ ಸಾಹಿತ್ಯ ಕೃತಿ ಇದು. ಜಾಯ್ಸ್ ಮತ್ತು ಕೀನ್ ಬಾಗಿಲ ಹೊರಗೆ ನಿಂತವನ ಮಾತು ಬರೆದರು. ರಯನ್ ಬಾಗಿಲ ಒಳಗಿರುವವರ ಮಾತು ಬರೆದರು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಯಾರಿಗೂ ಯಾರ ಸಂಕಟವೂ ಗೊತ್ತಿಲ್ಲ ಎಂಬುದು ಆ ಅಧ್ಯಾಯಗಳು ಒಟ್ಟಾಗಿ ಹೇಳುವ ಮಾತು. ಪರಿಚಯದ ಮೇಲೆ ನಿಂತ ರಾಜಕಾರಣಕ್ಕೆ ಇದಕ್ಕಿಂತ ಕಟುವಾದ ವಿಮರ್ಶೆಯನ್ನು ನಾನು ಓದಿಲ್ಲ.

ಹಾಗಾದರೆ ಊರನ್ನು ಬಿಟ್ಟು ದೇಶ ನೋಡಿ ಓಟು ಹಾಕಿ ಎನ್ನುವುದೇ ಪರಿಹಾರವೇ? ಅದೂ ಅಷ್ಟು ಸರಳವಲ್ಲ. 1982ರಲ್ಲಿ ಡಬ್ಲಿನ್ನಿನ ಒಳನಗರದ ಪಕ್ಷೇತರ ಟೋನಿ ಗ್ರೆಗರಿ ಮೊದಲ ಬಾರಿಗೆ ಡಾಯ್ಲ್‌ಗೆ ಆಯ್ಕೆಯಾದರು. ಯಾರಿಗೂ ಬಹುಮತವಿರಲಿಲ್ಲ. ಚಾರ್ಲ್ಸ್ ಹಾಹೀ ಪ್ರಧಾನಿಯಾಗಲು ಗ್ರೆಗರಿಯ ಓಟು ಬೇಕಾಯಿತು. ತಮ್ಮ ಬಡ ಬೀದಿಗಳಿಗೆ ಮನೆ, ಕೆಲಸ ಎಂದು ಪಟ್ಟಿ ಬರೆಸಿಕೊಂಡು, ಅದನ್ನು ಮುಚ್ಚಿಡದೆ ಡಾಯ್ಲ್‌ನಲ್ಲೇ ಹೇಳಿ ಗ್ರೆಗರಿ ಬೆಂಬಲ ಕೊಟ್ಟರು. ಆ ಸರ್ಕಾರ ವರ್ಷ ತುಂಬುವ ಮೊದಲೇ ಬಿತ್ತು. ಗ್ರೆಗರಿಯನ್ನು ಮಾತ್ರ ಜನ 2009ರಲ್ಲಿ ಅವರು ತೀರಿಕೊಳ್ಳುವ ತನಕ ಕೈಬಿಡಲಿಲ್ಲ. ಇದೂ ಊರಿನ ರಾಜಕಾರಣವೇ. ಆದರೆ ಒಬ್ಬೊಬ್ಬರಿಗೆ ಗುಟ್ಟಾಗಿ ಸಲ್ಲುವ ಉಪಕಾರ ಬೇರೆ, ಒಂದು ಬೀದಿಗೆ ಬಹಿರಂಗವಾಗಿ ಕೇಳಿದ ಹಕ್ಕು ಬೇರೆ. ಮೊದಲನೆಯದಕ್ಕೆ ಪೂಜಾರಿ ಬೇಕು. ಎರಡನೆಯದಕ್ಕೆ ಪ್ರತಿನಿಧಿ ಬೇಕು. ಸ್ಥಳೀಯತೆಯನ್ನು ಒಟ್ಟಾರೆ ಹಳಿಯುವ ವಿಮರ್ಶೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ನನ್ನ ತಕರಾರು ಅದಕ್ಕೆ.

ಇತ್ತೀಚೆಗೆ ಹಳೆಯ ಚಿತ್ರ ಇನ್ನಷ್ಟು ಕಲಕಿದೆ. 2020ರ ಫೆಬ್ರುವರಿಯಲ್ಲಿ ಶಿನ್ ಫೇನ್ ಶೇಕಡಾ 24.5 ಓಟು ಪಡೆದು ಮೊದಲ ಸ್ಥಾನಕ್ಕೆ ಬಂತು. ಇಷ್ಟು ಓಟು ಬರುತ್ತದೆಂದು ಆ ಪಕ್ಷಕ್ಕೇ ಗೊತ್ತಿರಲಿಲ್ಲ. 42 ಜನರನ್ನು ಮಾತ್ರ ನಿಲ್ಲಿಸಿತ್ತು, 37 ಜನ ಗೆದ್ದರು. ಕಿಲ್ಡೇರ್ ಸೌತ್ ಕ್ಷೇತ್ರದ ಅದರ ಅಭ್ಯರ್ಥಿ ಪೆಟ್ರೀಶಿಯಾ ರಯನ್ ಪ್ರಚಾರದ ನಡುವೆ ರಜೆಗೆಂದು ವಿದೇಶಕ್ಕೆ ಹೋಗಿದ್ದರು, ಆದರೂ ಕ್ಷೇತ್ರದಲ್ಲಿ ಅತಿ ಹೆಚ್ಚು ಓಟು ಅವರಿಗೇ ಬಂತು. ಬಾಗಿಲಿಗೆ ಬಂದ ಮುಖಕ್ಕೇ ಓಟು ಎಂಬ ಸಿದ್ಧಾಂತ ಅಂದು ಅಲ್ಲಿ ಮುರಿದುಬಿತ್ತು. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದಾಗ ಅತಿ ಹೆಚ್ಚು ಜನ ಹೇಳಿದ ಎರಡು ಕಾರಣ ಆಸ್ಪತ್ರೆ ಮತ್ತು ಮನೆ. ಅದೇ ವರ್ಷ ಜೂನಿನಲ್ಲಿ, ಅಂತರ್ಯುದ್ಧದಿಂದ ಹುಟ್ಟಿದ ಎರಡು ಪಕ್ಷಗಳು ಮೊದಲ ಬಾರಿಗೆ ಒಟ್ಟಾಗಿ ಸರ್ಕಾರ ಮಾಡಿದವು. ಅಜ್ಜನ ಜಗಳಕ್ಕೆ ಸುಮಾರು ನೂರು ವರ್ಷದ ನಂತರ ತೆರೆ ಬಿತ್ತು.

ಮನೆಯ ಪ್ರಶ್ನೆ ಇಲ್ಲಿ ಇನ್ನೊಂದು ಬಗೆಯಲ್ಲೂ ಮುಖ್ಯ. ಮನೆಬಾಗಿಲಿಗೆ ಹೋಗಿ ಓಟು ಕೇಳುವ ಪದ್ಧತಿ, ಮತದಾರನಿಗೆ ಒಂದು ಬಾಗಿಲಿದೆ ಎಂದು ನಂಬಿ ನಿಂತಿದೆ. ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುವ ತರುಣ, ಮೂವತ್ತು ದಾಟಿದರೂ ತಾಯಿತಂದೆಯ ಮನೆಯ ಕೋಣೆಯಲ್ಲೇ ಇರುವವಳು, ಇವರ ಬಾಗಿಲು ಯಾವುದು? ದೇಶ ಬಿಟ್ಟು ಹೊರಗೆ ನೆಲೆಸಿದ ಐರಿಷ್ ನಾಗರಿಕರಿಗೆ ಸಾಮಾನ್ಯವಾಗಿ ಓಟೇ ಇಲ್ಲ. ಡಬ್ಲಿನ್ನಿನಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೆ, ಐರಿಷ್ ಪೌರತ್ವ ಪಡೆಯುವ ತನಕ, ಸ್ಥಳೀಯ ಚುನಾವಣೆಯಲ್ಲಿ ಓಟುಂಟು, ಡಾಯ್ಲ್ ಚುನಾವಣೆಯಲ್ಲಿ ಇಲ್ಲ. 2024ರ ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಓಟು ಹಾಕಿದವರು ಶೇಕಡಾ 60ಕ್ಕಿಂತ ಸ್ವಲ್ಪ ಕಡಿಮೆ, ನೂರು ವರ್ಷಗಳಲ್ಲೇ ಕನಿಷ್ಠ. ಕಾಗದ ಎಷ್ಟು ಸೂಕ್ಷ್ಮವಾಗಿದ್ದರೇನು, ಹತ್ತರಲ್ಲಿ ನಾಲ್ವರು ಅದನ್ನು ಮುಟ್ಟಲಿಲ್ಲ. ಅವರ ಮೌನವನ್ನು ಟ್ಯಾಲಿಮನ್ ಕೂಡ ಓದಲಾರ.

ಐರಿಷ್ ಸಾಹಿತ್ಯ ಪ್ರಚಾರಕನ ಬಡಾಯಿಯನ್ನು, ಟಿ.ಡಿ.ಯ ಠಕ್ಕುತನವನ್ನು ಬೇಕಾದಷ್ಟು ಬರೆದಿದೆ. ಇನ್ನೂ ಸಾಕಷ್ಟು ಬರೆಯದೆ ಉಳಿದದ್ದು ಮತಗಟ್ಟೆಯ ಮರೆಯಲ್ಲಿ ಪೆನ್ಸಿಲ್ ಹಿಡಿದು ನಿಂತವರ ಗಳಿಗೆ. 1 ಮತ್ತು 2 ಬೇಗ ಬರೆದಾಗುತ್ತದೆ, ಅವು ಮನೆಯಿಂದ ತಂದವು. 3ರ ಹೊತ್ತಿಗೆ ಕೈ ನಿಧಾನವಾಗುತ್ತದೆ. ಇವನು ನಮ್ಮ ಅಮ್ಮನ ಪಿಂಚಣಿ ಮಾಡಿಸಿದವನು, ಅವಳು ಬಾಡಿಗೆಯ ಬಗ್ಗೆ ಸರಿಯಾಗಿ ಮಾತಾಡಿದವಳು, ಈತನ ಪಕ್ಷ ನನ್ನ ತಮ್ಮನನ್ನು ಆಸ್ಟ್ರೇಲಿಯಾಕ್ಕೆ ಅಟ್ಟಿತು. ಯಾರ ನಂತರ ಯಾರು? ಐರಿಷ್ ಮತದಾರ ಹೇಗೆ ತೀರ್ಮಾನಿಸುತ್ತಾನೆ ಎಂದು ಕೇಳುವವರು ಮೊದಲ ಅಂಕಿಯನ್ನಷ್ಟೇ ನೋಡುತ್ತಾರೆ. ತೀರ್ಮಾನ ನಡೆಯುವುದು ಆ ಮೂರನೆಯ ಅಂಕಿಯ ಮುಂದೆ ಕೈ ತಡೆಯುವಾಗ.